ಕಂಬದ ಬುಡದ ಕೆಂಪು ಸುಳಿ

ಪರದೆಯ ಮೇಲೆ ಕಾಣಿಸಿದ್ದು ಕಾಸಿನಗಲದ ಒಂದು ಕೆಂಪು ಸುಳಿ. ಅಷ್ಟಕ್ಕೇ ವಿಲ್ಮಾರನ ಬೆನ್ನಲ್ಲಿ ಬೆವರಿಳಿಯಿತು.

ನಮ್ಮ ಮಾಂಟೆವಿಡಿಯೋದ ಜಲಪ್ರಯೋಗಾಲಯದಲ್ಲಿ ಅವನ ಕೆಲಸವೆಂದರೆ ಕಂಪ್ಯೂಟರಿನೊಳಗೆ ನದಿ ಹರಿಸುವುದು. ನೀರನ್ನು ಲಕ್ಷಾಂತರ ಕಣಗಳಾಗಿ ಒಡೆದು ಬಿಟ್ಟರೆ, ಪ್ರತಿ ಕಣವೂ ಅಕ್ಕಪಕ್ಕದವು ಎತ್ತ ಹೊರಟಿವೆ ಎಂದು ನೋಡಿಕೊಂಡು ತಾನೂ ಹೊರಡುತ್ತದೆ, ಥೇಟ್ ನಮ್ಮ ಹಾಗೆ. ಕಣಗಳು ಒಟ್ಟಾಗಿ ಒಂದು ಮಿತಿ ಮೀರಿ ಗಿರಕಿ ಹೊಡೆಯುವ ಕಡೆ ಕೆಂಪು ಬಳಿಯುವ ಪ್ರೋಗ್ರಾಂ ವಿಲ್ಮಾರನದೇ. ಈಗ ಆ ಕೆಂಪು ಕೂತಿದ್ದು ಹೊಸ ದೋಣಿಕಟ್ಟೆಯ ಕಂಬದ ಬುಡದಲ್ಲಿ, ಜನ ದೋಣಿ ಹತ್ತುವ ಜಾಗದಲ್ಲೇ. ಮಧ್ಯಾಹ್ನ ಬಂದರಿನ ಅಧಿಕಾರಿಗಳು ನೋಡಲು ಬರುವವರಿದ್ದರು. ಸುಳಿ ನಿಜವಾದರೆ ಕಟ್ಟೆ ಒಡೆಯಬೇಕು. ಮುಚ್ಚಿಟ್ಟರೆ ದೋಣಿ ಮಗುಚುತ್ತದೆ. ಸ್ವತಃ ಈಜು ಬಾರದ ವಿಲ್ಮಾರನಿಗೆ ಆಗಲೇ ಮೂಗಿಗೆ ನೀರು ಹೊಕ್ಕಂತಾಯಿತು.

"ಏನೋ, ಮುಖ ಹೀಗೆ ಬಿಳಿಚ್ಕೊಂಡಿದೆ?" ಎಂದು ಪಕ್ಕದ ಮೇಜಿನ ವಾಷಿಂಗ್ಟನ್ ಬಗ್ಗಿ ನೋಡಿ, ಕೇಳದೆಯೇ ಕೈಹಾಕಿದ. "ಕೆಂಪಿನ ಮಿತಿ ಜಾಸ್ತಿ ಇಟ್ಟಿದೀಯ. ಇಳಿಸಿದ್ರೆ ಸರಿಯಾಗಿ ಕಾಣತ್ತೆ." ಇಳಿಸಿದ. ಇಡೀ ನದಿಗೆ ದಡಾರ ಎದ್ದಿತು.

"ತೆಗಿಯೋ ಕೈನ!" ಎಂದು ಹಿರಿಯಳಾದ ನೆಲಿಡಾ ಅವನನ್ನು ತಳ್ಳಿ ಮಿತಿಯನ್ನು ತುತ್ತತುದಿಗೆ ಏರಿಸಿದಳು. ಕೆಂಪೆಲ್ಲ ಮಾಯ. "ನೋಡು, ಎಷ್ಟು ಲಕ್ಷಣವಾಗಿದೆ! ಇದನ್ನೇ ತೋರ್ಸು."

"ಅಕ್ಕಾ, ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲಾ? ಜನ ಸಾಯ್ತಾರೆ!" ಎಂದ ವಿಲ್ಮಾರ್.

"ಮೊದ್ಲು ಮಾಟೆ ಕುಡಿ."

ಸೊಪ್ಪಿಗೆ ಬಿಸಿನೀರು ಹೊಯ್ದ ಮಾಟೆ ಪಾನೀಯದ ಸೋರೆಬುರುಡೆ ಕೈಗೆ ಬಂತು. ಎಲ್ಲರೂ ಸರದಿಯಲ್ಲಿ ಹೀರುವ ಒಂದೇ ಕೊಳವೆ. ಭಯದಲ್ಲಿ ಮೈಮರೆತ ವಿಲ್ಮಾರ್ ಆ ಕೊಳವೆಯಿಂದ ಸೊಪ್ಪನ್ನು ಗರಗರ ಕಲಕಿಬಿಟ್ಟ.

ಮಾಟೆಯ ಕೊಳವೆ ಅಲ್ಲಾಡಿಸುವುದೆಂದರೆ ನಮ್ಮಲ್ಲಿ ಮಹಾಪರಾಧ.

"ಕೊಳವೆ ಅಲ್ಲಾಡಿಸಿದ್ಯಾ?" ನೆಲಿಡಾ ಎದೆ ಮುಟ್ಟಿಕೊಂಡಳು. "ಹುಟ್ಟಿದ್ದು ಈ ದೇಶದಲ್ಲೇ ತಾನೆ ನೀನು?" ದೋಣಿ ಮಗುಚುವ ಮಾತಿಗೆ ಬಾರದ ಗಾಬರಿ ಈಗ ಇಬ್ಬರ ಮುಖದಲ್ಲೂ ಇತ್ತು.

ವಿಲ್ಮಾರ್ ಬುರುಡೆಯೊಳಗೇ ನೋಡುತ್ತಿದ್ದ. ಕೊಳವೆಯ ಸುತ್ತ ಸೊಪ್ಪು ಸುತ್ತುತ್ತಿತ್ತು. ಪರದೆಯ ಕಡೆ ತಿರುಗಿದ. ಇಷ್ಟು ಹೊತ್ತು ಯಾರೂ ಗಮನಿಸಿರಲಿಲ್ಲ, ದೋಣಿಕಟ್ಟೆಯ ಕಂಬವೂ ಮೆಲ್ಲಗೆ ಅಲ್ಲಾಡುತ್ತಿತ್ತು.

"ಸಿಮೆಂಟಿನ ಕಂಬ ಯಾಕೆ ಅಲ್ಲಾಡತ್ತೆ?"

ವಾಷಿಂಗ್ಟನ್ ತಲೆ ಕೆರೆದುಕೊಂಡ. "ಅದು... ಎಚೆಪಾರೆ ಮೇಡಂ ಹುಟ್ಟುಹಬ್ಬಕ್ಕೆ ಅಂತ ನಿನ್ನ ಪ್ರೋಗ್ರಾಂನಲ್ಲಿ ಒಂದು ಮಾಟೆ ಮಾಡಿದ್ದೆ ಕಣೋ. ತಮಾಷೆಗೆ ಕೊಳವೆ ಅಲ್ಲಾಡಿಸಿದ್ದೆ. ಆ ಫೈಲನ್ನ ನಿನ್ನ ನದಿ ಫೈಲಿನ ಜಾಗದಲ್ಲೇ ಬಿಟ್ಟಿದೀನೇನೋ, ಇದು ಕಂಬ ಅಲ್ಲ, ಆ ಕೊಳವೆ. ನಿನ್ನ ನದಿ ಪಕ್ಕದ ಫೈಲಲ್ಲಿದೆ ನೋಡು."

ಕಣಗಳಿಗೇನು, ನದಿಯೂ ಒಂದೇ, ಬುರುಡೆಯೂ ಒಂದೇ.

ನಿಜವಾದ ನದಿಯನ್ನು ತೆರೆದರೆ ಅಪ್ಪಟ ನೀಲಿ, ಒಂದು ಚುಕ್ಕೆ ಕೆಂಪಿಲ್ಲ. ವಿಲ್ಮಾರ್ ಅತ್ತೇಬಿಟ್ಟ. ಮಧ್ಯಾಹ್ನ ಅಧಿಕಾರಿಗಳು ನೋಡಿ ತಲೆದೂಗಿದರು. ಮುಖ್ಯಸ್ಥೆ ಎಚೆಪಾರೆ ಅವನ ಬೆನ್ನು ತಟ್ಟಿ, "ಶನಿವಾರ ಮೊದಲ ದೋಣಿ ಹೊರಡತ್ತೆ. ಮುಂದಿನ ಸೀಟು ನಿಂಗೇ!" ಎಂದು ಘೋಷಿಸಿ ಅತಿಥಿಗಳನ್ನು ತಮ್ಮ ಕೋಣೆಗೆ ಕರೆದೊಯ್ದರು.

ನೆಲಿಡಾ ಹೊಸ ಮಾಟೆಗೆ ಬಿಸಿನೀರು ಹಾಕುತ್ತ ಕೇಳಿದಳು, "ಬೆಳಿಗ್ಗೆ ನಾನು ಮಿತಿ ಏರ್ಸಿದ್ನಲ್ಲ, ವಾಪಸ್ ಇಳಿಸಿದ್ಯಾ?"

ವಿಲ್ಮಾರ್ ಪರದೆಯತ್ತ ಧಾವಿಸಿದ. ಮಿತಿಯನ್ನು ಮೊದಲಿದ್ದಲ್ಲಿಗೆ ಇಳಿಸಿದ. ಕಂಬದ ಬುಡದಲ್ಲಿ ಕೆಂಪು ಮೂಡಿತು. ಕಾಸಿನಗಲವಲ್ಲ, ತಟ್ಟೆಯಗಲ. ಈ ಸಲ ಕಂಬ ಅಲ್ಲಾಡುತ್ತಿರಲಿಲ್ಲ.

ಒಳಗಿನಿಂದ ಮೇಡಂ ಕೂಗಿದರು, "ವಿಲ್ಮಾರ್, ನಿಂಗೆ ಈಜು ಬರತ್ತೆ ತಾನೆ? ಇವರು ಸುಮ್ನೆ ಕೇಳ್ತಿದಾರೆ!"