ಗಾಡಿಗೆ ಆರಾಮಿಲ್ಲ

ನಮ್ಮ ಭಾವನವರು ತಮ್ಮ ಕಾರಿನಲ್ಲಿ ಹೊರಟು ಇದುವರೆಗೆ ಯಾವ ಪರಊರನ್ನೂ ಮುಟ್ಟಿಲ್ಲ ಎಂದು ಸ್ಯಾನ್ ಡಿಯಾಗೋ ಕಡೆಯ ಕನ್ನಡಿಗರು ಆಡಿಕೊಳ್ಳುವುದುಂಟು. ಇದು ಶುದ್ಧ ಅಪಪ್ರಚಾರ. ನನಗೆ ಗೊತ್ತಿದ್ದಂತೆ ಅವರು ಮೂರು ಸಲ ಮುಟ್ಟಿದ್ದಾರೆ. ಅದರಲ್ಲಿ ಒಂದು ಸಲ ಕಾರು ಕೂಡ ಅವರ ಜೊತೆಯಲ್ಲಿತ್ತು!

ಭಾವನವರೆಂದರೆ ನನ್ನ ಅಕ್ಕನ ಯಜಮಾನರು. ನಾವು ಮೈಸೂರಿನವರು, ಅವರು ಹುಬ್ಬಳ್ಳಿಯವರು, ಸಂಸಾರ ಸ್ಯಾನ್ ಡಿಯಾಗೋ ಪಕ್ಕದ ಪೊವೇಯಲ್ಲಿ. ಅಲ್ಲಿಯ ಬಿಸಿನೆಸ್ ಪಾರ್ಕಿನ ಒಂದು ಕಂಪನಿಯಲ್ಲಿ ಅವರದು ಬಹಳ ಜವಾಬ್ದಾರಿಯ ಹುದ್ದೆ. ಏನು ಹುದ್ದೆ ಅಂತೀರಿ? ಯಂತ್ರಗಳು ಕೆಡದೆ ಎಷ್ಟು ಕಾಲ ಬಾಳುತ್ತವೆ ಎಂದು ಪರೀಕ್ಷೆ ಮಾಡುವುದು! ಒಂದು ಸ್ಕ್ರೂ ಸಡಿಲವಾದರೂ ಇಡೀ ಪೆಟ್ಟಿಗೆಯನ್ನು ತಿರಸ್ಕರಿಸಿ ಷರಾ ಬರೆಯುವ ಮನುಷ್ಯ. ಸಂಜೆ ಐದಕ್ಕೆ ಅದೇ ಮನುಷ್ಯ ಹೊರಗೆ ಬಂದು, ಬಾಗಿಲನ್ನು ಒಳಗಿನಿಂದ ಹಗ್ಗ ಹಾಕಿ ಕಟ್ಟಿದ ಕಾರಿನೊಳಕ್ಕೆ ಎಡಗಡೆಯ ಕಿಟಕಿಯ ಮೂಲಕ ಪ್ರವೇಶಿಸುತ್ತಿದ್ದರು.

ಅಮೆರಿಕದ್ದೇ ಕಾರು. ಮಗಳು ಹುಟ್ಟಿದ ವರ್ಷ ಯಾರಿಂದಲೋ ಕೊಂಡದ್ದು. ಅದನ್ನು ತಯಾರಿಸಿದ ಕಂಪನಿಯ ಹೆಸರು ಹೇಳುವುದಿಲ್ಲ. ಮಾನಹಾನಿಯನ್ನು ಭಾವನವರು ಸಹಿಸುವವರಲ್ಲ. ತಮ್ಮ ಮಾನದ ಮಾತಲ್ಲ, ಕಂಪನಿಯ ಮಾನದ್ದು. ಆ ಕಂಪನಿಯ ಚರಿತ್ರೆಯನ್ನು ಅವರು ಹೇಳುವ ರೀತಿಯೇ ಬೇರೆ. ಆದಿಯಲ್ಲಿ ಕುದುರೆಗಾಡಿಗೆ ಗಾಲಿ ಕೂಡಿಸುತ್ತಿದ್ದ ಮೂಲಪುರುಷ. ಅವನ ಮಕ್ಕಳ ಜಗಳ. ಯುದ್ಧ ಬಂದಾಗ ಕಾರು ಬಿಟ್ಟು ಟ್ಯಾಂಕು ಮಾಡಿದ್ದು. ಯುದ್ಧ ಮುಗಿದ ಮೇಲೆ ಕಾರಿಗೆ ಮೀನಿನ ರೆಕ್ಕೆಗಳು ಮೂಡಿ ಜಗತ್ತೆಲ್ಲ ಬೆರಗಾದದ್ದು. ಇಲ್ಲಿಯವರೆಗೆ ಅವರ ದನಿ ಏರುತ್ತಾ ಹೋಗುತ್ತದೆ. ಆಮೇಲೆ ಜಪಾನಿನವರ ಪ್ರವೇಶ. ಅಲ್ಲಿಂದ ಶೋಕಪರ್ವ. ಕೊನೆಗೆ ಕಂಪನಿ ದಿವಾಳಿಯಾಗಿ, ಮತ್ತೆ ಎದ್ದು, ಏಳುವ ಭರದಲ್ಲಿ ಭಾವನವರ ಮಾದರಿಯ ಕಾರನ್ನೇ ನಿಲ್ಲಿಸಿಬಿಟ್ಟಿತು. ಇಷ್ಟನ್ನೂ ಅವರು ಸಾಮಾನ್ಯವಾಗಿ ಫ್ರೀವೇಯ ಅಂಚಿನಲ್ಲಿ, ನಿಂತ ಗಾಡಿಯನ್ನು ಎಳೆದೊಯ್ಯುವ ಟೋ ಟ್ರಕ್ಕಿಗೆ ಕಾಯುತ್ತಾ ಹೇಳುತ್ತಿದ್ದುದರಿಂದ ಕೇಳುವವರಿಗೆ ಎದ್ದು ಹೋಗುವ ಸೌಕರ್ಯವಿರುತ್ತಿರಲಿಲ್ಲ.

"ಭಾವ, ಗಾಡಿ ಮತ್ತೆ ಕೆಟ್ಟಿತಲ್ಲಾ?" ಎಂದು ನಾನು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ.

"ಕೆಟ್ಟಿಲ್ಲೋ ತಮ್ಮಾ. ಅದಕ್ಕ ಇವತ್ತ ಆರಾಮಿಲ್ಲ, ಅಷ್ಟ. ನಿನಗ ನೆಗಡಿ ಆದ್ರ ನಾವು ನಿನ್ನ ಕೆಟ್ಟಾನ ಅಂತೀವೇನು?"

ಕಂಪನಿಯಿಂದ ಆಗಾಗ ರೀಕಾಲ್ ನೋಟಿಸ್ ಬರುತ್ತಿತ್ತು. ನಿಮ್ಮ ಗಾಡಿಯ ಇಂಥ ಭಾಗದಲ್ಲಿ ತಯಾರಿಸುವಾಗಲೇ ದೋಷವಿತ್ತು, ತಂದು ಸರಿಮಾಡಿಸಿಕೊಳ್ಳಿ ಎಂಬ ಒಕ್ಕಣೆ. ಬೇರೆಯವರು ಬೆಚ್ಚಿಬೀಳುವ ಕಾಗದ. ಭಾವನವರು ಅದನ್ನು ಬೀಗರ ಮನೆಯಿಂದ ಬಂದ ಪತ್ರದಂತೆ ಗಟ್ಟಿಯಾಗಿ ಓದಿ, ಫೈಲಿಗೆ ಹಾಕಿ, "ಮಾಡಿದ ತಪ್ಪು ಒಪ್ಪಿಕೊಂಡು ತಾವಾಗೇ ಬರೀತಾರ! ನಿಮ್ಮ ಮೈಸೂರು ಮಂದಿ ಯಾರರೆ ಹಿಂಗ ಬರದಾರೇನು?" ಎಂದು ಅಕ್ಕನ ಕಡೆ ನೋಡುತ್ತಿದ್ದರು. ಒಮ್ಮೆ ಎರಡು ಹಾಳೆಯ ಉತ್ತರವನ್ನೂ ಬರೆದರು. ಬ್ರೇಕಿನ ವಿಷಯದಲ್ಲಿ ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು!

ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ಒಂದು ಮದುವೆಗೆ ಹೊರಟಿದ್ದೆವು. ನನ್ನ ವಾಸ ಲಾಸ್ ಏಂಜಲೀಸ್ ಪಕ್ಕದ ಪಸಡೀನಾದಲ್ಲಿ, ಆ ವಾರ ಅಕ್ಕನ ಮನೆಯಲ್ಲಿದ್ದೆ, ಬುದ್ಧಿ ನೆಟ್ಟಗಿಲ್ಲದೆ ಅವರ ಕಾರೇ ಹತ್ತಿದೆ. ದಾರಿಯಲ್ಲಿ ಟೆಮೆಕ್ಯುಲಾ ಎಂಬ ಊರಿಗೆ ಮುಂಚಿನ ಏರಿನಲ್ಲಿ ಎಂಜಿನ್ನಿನ ಉಷ್ಣದ ಮುಳ್ಳು ಕೆಂಪಿಗೆ ತಾಗಿತು. ಭಾವನವರು ಶಾಂತವಾಗಿ ಹೀಟರನ್ನು ಪೂರ್ತಿ ತಿರುಗಿಸಿದರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕಾಲಿಗೆ, ಮುಖಕ್ಕೆ, ಅಕ್ಕನ ರೇಷ್ಮೆ ಸೀರೆಗೆ ಬಿಸಿಗಾಳಿಯ ಅಭಿಷೇಕ!

"ರೀ! ಏನ್ರೀ ಇದು?"

"ಎಂಜಿನ್ನಿನ ಉಷ್ಣ ನಾವು ಒಂದಿಷ್ಟು ಹಂಚಿಕೊಂಡ್ರ ಅದಕ್ಕ ಹಗುರ ಆಗ್ತದ."

"ನಾನು ಸಪ್ತಪದಿ ತುಳಿದಿದ್ದು ನಿಮ್ಮ ಜೊತೆ ಕಣ್ರೀ, ಈ ರೇಡಿಯೇಟರ್ ಜೊತೆ ಅಲ್ಲ!"

ಕಾರನ್ನು ದಾರಿಯ ಗ್ಯಾರೇಜಿನಲ್ಲಿ ಬಿಟ್ಟು, ನಾವು ಕಲ್ಯಾಣಮಂಟಪ ಮುಟ್ಟಿದ್ದು ಟೋ ಟ್ರಕ್ಕಿನಲ್ಲಿ. ಅದರ ಚಾಲಕ, ಬಿಳಿ ಮೀಸೆಯ ಮೆಕ್ಸಿಕನ್ ಸಾಹೇಬ, ಊಟಕ್ಕೂ ನಿಂತ. ಆ ವೇಳೆಗಾಗಲೇ ಆತ ನಮಗೆ ನೆಂಟನಂತೆಯೇ ಆಗಿದ್ದ. ಭಾವನವರನ್ನು 'ಪ್ರೊಫೆಸರ್' ಎನ್ನುತ್ತಿದ್ದ. ಅಕ್ಕ ಚಕ್ಕುಲಿ ಕರಿದರೆ ಒಂದು ಡಬ್ಬಿ ಅವನಿಗೆಂದೇ ಎತ್ತಿಡುತ್ತಿದ್ದಳು. ಹೇಗೂ ವಾರದೊಳಗೆ ಭೇಟಿಯಾಗುತ್ತದಲ್ಲ!

ಕನ್ನಡದವರ ಯುಗಾದಿ ಕೂಟಕ್ಕೆ ಒಂದು ವರ್ಷ ಬಿಸಿಬೇಳೆಬಾತು ತರುವ ಹೊಣೆ ಭಾವನವರಿಗೆ ಬಿತ್ತು. ಎಲ್ಲರೂ ಪಾಯಸ ಕುಡಿದು, ಕೈ ತೊಳೆದು, ಮಕ್ಕಳ ನೃತ್ಯವೂ ಮುಗಿದ ಮೇಲೆ ಬಿಸಿಬೇಳೆಬಾತು ಆಗಮಿಸಿತು, ಬಿಸಿ ಎಂಬ ವಿಶೇಷಣವನ್ನು ದಾರಿಯಲ್ಲೇ ಕಳೆದುಕೊಂಡು. ಅಂದಿನಿಂದ ಅವರಿಗೆ ತಾಂಬೂಲದ ಚೀಲ ತರುವ ಕೆಲಸವನ್ನು ಶಾಶ್ವತವಾಗಿ ವಹಿಸಲಾಯಿತು. ಅದು ಬೇಕಾಗುವುದು ಎಲ್ಲರೂ ಮನೆಗೆ ಹೊರಡುವಾಗ ತಾನೆ?

ಇಷ್ಟಾದರೂ ಅವರದೊಂದು ಶಿಸ್ತು ಹೇಳಲೇಬೇಕು. ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕು. ಮೊದಲ ಹಾಳೆಯ ತಲೆಯಲ್ಲಿ 'ಶ್ರೀ'. ಪ್ರತಿ ಆಯುಧಪೂಜೆಗೂ ಅದಕ್ಕೆ ಅರಿಶಿನ ಕುಂಕುಮ. ಗಾಡಿಗೆ ಏನೇ ಆಗಲಿ, ಆ ದಿನವೇ ಅದರಲ್ಲಿ ದಾಖಲು. ಆಫೀಸಿನ ಅಭ್ಯಾಸ. ಬಾಯಲ್ಲಿ ಕಂಪನಿಯ ಪರ ಎಷ್ಟು ವಾದಿಸಿದರೂ ಆ ಪುಸ್ತಕದಲ್ಲಿ ಮಾತ್ರ ಒಂದಕ್ಷರ ಸುಳ್ಳು ಬರೆದವರಲ್ಲ. ಇನ್ನೊಂದು ಉಪಕರಣ ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರೆಂದರೆ ದೊಡ್ಡಾಸ್ಪತ್ರೆಯ ಡಾಕ್ಟರೂ ಕೈಕಟ್ಟಿ ನಿಲ್ಲಬೇಕು!

ಈಗ ಆ ಒಂದು ಸಲದ ಕಥೆ, ಕಾರೂ ಅವರೂ ಒಟ್ಟಿಗೆ ಊರು ಮುಟ್ಟಿದ್ದು. 2020ರ ಡಿಸೆಂಬರ್. ನನಗೆ ಕೋವಿಡ್ ಬಂದು ಪಸಡೀನಾದ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಮಲಗಿದ್ದೆ. ಆಸ್ಪತ್ರೆಗಳಲ್ಲಿ ಜಾಗವಿಲ್ಲ. ಯಾರೂ ಬರಕೂಡದು ಎಂದು ಅಕ್ಕನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಮರುದಿನ ಬೆಳಿಗ್ಗೆ ಬಾಗಿಲ ಹೊರಗೆ ಮೆಣಸಿನ ಸಾರಿನ ಫ್ಲಾಸ್ಕು. ಕಿಟಕಿಯ ಕೆಳಗೆ, ಬೀದಿಯಲ್ಲಿ, ಆ ಕಾರು. ಫೋನಿನಲ್ಲಿ ರೇಗಿದೆ: "ಭಾವ, ಇಟ್ಟಾಯಿತಲ್ಲ, ದಯವಿಟ್ಟು ಹೊರಡಿ. ನಿಮಗೂ ತಗಲುತ್ತೆ."

"ಹೊಂಟಿದ್ದೆ ತಮ್ಮಾ. ಆದ್ರ ಗಾಡಿಗೆ ಆರಾಮಿಲ್ಲ. ಸ್ಟಾರ್ಟ್ ಆಗವಲ್ತು. ಚಾಟ್ಸ್‌ವರ್ತ್‌ನಿಂದ ಪಾರ್ಟ್ ಬರಬೇಕಂತ."

ಮೂರು ದಿನ! ಮೂರು ದಿನ ಆ ಮನುಷ್ಯ ಕಾರಿನ ಹಿಂದಿನ ಸೀಟಿನಲ್ಲಿ ಬೀಡುಬಿಟ್ಟರು. ಗಂಟೆಗೊಮ್ಮೆ ಫೋನು. ನಾನು ಬೆರಳಿಗೆ ಸಿಕ್ಕಿಸಿಕೊಂಡಿದ್ದ ಆಕ್ಸಿಜನ್ ಮೀಟರ್ ನೋಡಿ ನನ್ನ ಅಂಕಿ ಹೇಳಬೇಕು, ಅವರು ತಮ್ಮ ಬ್ಯಾಟರಿಯ ಅಂಕಿ ಹೇಳುವರು.

"ನಿನ್ನದೆಷ್ಟು?"

"ತೊಂಬತ್ತೊಂದು."

"ಇದೂ ಭಾಳ ಇಳದದ. ಇಬ್ರೂ ಒಂದs ಸಲ ಮಲಗೀರಿ ನೋಡು!"

ಕೆಮ್ಮಿನ ನಡುವೆಯೂ ನಗು ಬರುತ್ತಿತ್ತು. ನಾಲ್ಕನೇ ದಿನ ಪಾರ್ಟು ಬಂತಂತೆ, ಹೋದರು. ರೋಗಿಯನ್ನು ನೋಡಲು ಬಂದವರ ಗಾಡಿಯೇ ರೋಗಿಯಾದ ಈ ಪ್ರಸಂಗವನ್ನು ಆಮೇಲೆ ನಾನು ಎಷ್ಟು ಕೂಟಗಳಲ್ಲಿ ಅಭಿನಯಿಸಿ ತೋರಿಸಿದ್ದೇನೋ ಲೆಕ್ಕವಿಲ್ಲ. ಭಾವನವರೂ ಎದುರಿಗೇ ಕೂತು ಎಲ್ಲರ ಜೊತೆ ನಗುತ್ತಿದ್ದರು. ಹಾಗೆ ನೋಡಿದರೆ ಕಾರುವಿರೋಧಿ ಪಕ್ಷದ ಸಂಸ್ಥಾಪಕ ನಾನೇ. ನಮ್ಮ ಪಸಡೀನಾದಲ್ಲಿ ತಯಾರಿಸಿ ಬೇರೆ ಗ್ರಹಕ್ಕೆ ಕಳಿಸಿದ ಯಂತ್ರಗಳು ರಿಪೇರಿಯಿಲ್ಲದೆ ವರ್ಷಗಟ್ಟಲೆ ಓಡುತ್ತವೆ, ನಿಮ್ಮದು ಟೆಮೆಕ್ಯುಲಾ ದಾಟುವುದಿಲ್ಲವಲ್ಲ ಎಂದು ಚುಚ್ಚುತ್ತಿದ್ದೆ. ನನ್ನ ಜಪಾನೀ ಕಾರು ಹತ್ತು ವರ್ಷದಲ್ಲಿ ಒಂದು ದಿನ ಕೆಮ್ಮಿದ್ದೂ ಇಲ್ಲ. "ಅದಕ್ಕ ಸ್ವಭಾವನs ಇಲ್ಲ ಬಿಡು, ಇಸ್ತ್ರಿ ಪೆಟ್ಟಿಗೆ ಇದ್ದಂಗ" ಎಂದು ಭಾವನವರು ಅದನ್ನು ತಳ್ಳಿಹಾಕಿದ್ದರು.

ಈ ವರ್ಷ ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಹದಿನಾರು ತುಂಬಿ ಲೈಸೆನ್ಸ್ ಬಂತು. ಕಾಲೇಜಿನ ಒಂದು ಬೇಸಿಗೆ ಕ್ಲಾಸಿಗೆ ತಾನೇ ಓಡಿಸಿಕೊಂಡು ಹೋಗುತ್ತೇನೆ ಎಂದಳು. ಮನೆಯಲ್ಲಿ ಇರುವುದು ಅಕ್ಕನ ಕಾರು ಮತ್ತು ಇದು. "ಐ ಕ್ಯಾನ್ ಟೇಕ್ ಡ್ಯಾಡ್ಸ್ ಕಾರ್," ಎಂದಳು ಹುಡುಗಿ, ಪಾಪ, ಅಪ್ಪನ ಮೇಲಿನ ಪ್ರೀತಿಗೆ. ನಮ್ಮ ಪಕ್ಷ ಹದಿನಾರು ವರ್ಷ ಹೋರಾಡಿ ಸಾಧಿಸಲಾಗದ್ದನ್ನು ಆ ಒಂದು ಮಾತು ಸಾಧಿಸಿತು. ಭಾವನವರು ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲವಂತೆ. ಬೆಳಿಗ್ಗೆ ತಾವಾಗಿಯೇ ಅಕ್ಕನಿಗೆ ಹೇಳಿದರಂತೆ: "ನಾ ಎಲ್ಲಿ ಬೇಕಾದಲ್ಲಿ ನಿಲ್ಲತೀನಿ. ಅಕಿ ಫ್ರೀವೇ ಮ್ಯಾಲೆ ಒಬ್ಬಾಕಿನs ನಿಲ್ಲೂದು ಬ್ಯಾಡ. ಕೊಟ್ಟುಬಿಡೂಣು."

ಅಕ್ಕ ನನಗೆ ಫೋನ್ ಮಾಡಿದಳು. "ಶನಿವಾರ ಬಾರೋ. ನೀನು ಗೆದ್ದೆ. ಆದರೆ ಇವರು ಮಾತೇ ಆಡ್ತಿಲ್ಲ ಕಣೋ. ಗಾಡಿ ಹೋದಮೇಲೆ ಹೇಗಿರ್ತಾರೋ ಅಂತ ನನಗೆ ಭಯ."

ಶನಿವಾರ ಹನ್ನೊಂದಕ್ಕೆ ಕಾರನ್ನು ಒಯ್ಯಲು ಟ್ರಕ್ಕು ಬರುವುದಿತ್ತು. ಡ್ರೈವ್‌ವೇಯಲ್ಲಿ ಕಾರು ತೊಳೆಸಿಕೊಂಡು ಹೊಳೆಯುತ್ತಿತ್ತು, ಬಾನೆಟ್ಟಿನ ಮೇಲೆ ಕುಂಕುಮ. ಭಾವನವರು ಬಟ್ಟೆ ಹಿಡಿದು ಹೆಡ್‌ಲೈಟು ಒರೆಸುತ್ತಿದ್ದರು. ಅಕ್ಕ ನನ್ನನ್ನು ಗ್ಲೋವ್ ಬಾಕ್ಸ್ ಖಾಲಿ ಮಾಡಲು ಕಳಿಸಿದಳು. ನೀಲಿ ನೋಟ್‌ಬುಕ್ಕು ಕೈಗೆ ಸಿಕ್ಕಿತು. ಕೊನೆಯ ಸಲ ಒಂದಿಷ್ಟು ನಗೋಣವೆಂದು ಸೀಟಿನಲ್ಲಿ ಕೂತು ತೆರೆದೆ.

'ಎಡಗಡೆ ಕಿಟಕಿ ಇಳಿಯಿತು. ಏರಲು ಒಪ್ಪಲಿಲ್ಲ.' 'ಟೆಮೆಕ್ಯುಲಾ ಬಳಿ ಉಷ್ಣ. ನೀರು ಕುಡಿಸಿದೆ. ಮನೆಯವಳಿಗೂ ಉಷ್ಣ.' 'ಹಾರ್ನ್ ಬಂದ್. ಕೂಗಿ ದಾರಿ ಬಿಡಿಸಿದೆ.'

ಹಾಳೆ ಮಗುಚುತ್ತಾ ಆ ಡಿಸೆಂಬರಿಗೆ ಬಂದೆ. ನನ್ನ ಅಭಿನಯಕ್ಕೆ ಮೂಲಾಧಾರವಾದ ಪುಟ!

'ಪಸಡೀನಾ ತಲುಪಿದೆ. ಗಾಡಿಗೆ ಏನೂ ತೊಂದರೆ ಇಲ್ಲ. ತಮ್ಮನಿಗೆ ತೊಂಬತ್ತೊಂದು.'

'ಪಸಡೀನಾ. ಗಾಡಿಗೆ ಏನೂ ತೊಂದರೆ ಇಲ್ಲ. ತಮ್ಮನಿಗೆ ಎಂಬತ್ತೊಂಬತ್ತು.'

'ಪಸಡೀನಾ. ಗಾಡಿಗೆ ಏನೂ ತೊಂದರೆ ಇಲ್ಲ. ತಮ್ಮನಿಗೆ ತೊಂಬತ್ಮೂರು.'

'ತಮ್ಮನಿಗೆ ತೊಂಬತ್ತಾರು. ಹೊರಟೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್.'

ಚಾಟ್ಸ್‌ವರ್ತಿನಿಂದ ಪಸಡೀನಾಕ್ಕೆ ಮುಕ್ಕಾಲು ಗಂಟೆಯ ದಾರಿ. ಮೂರು ದಿನ ಹಿಡಿಯಲು ಆ ಪಾರ್ಟು ನಡೆದುಕೊಂಡು ಬಂತೇ ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಎಷ್ಟು ಕೂಟಗಳಲ್ಲಿ, ಅವರ ಮುಂದೆಯೇ!

ಟ್ರಕ್ಕಿನ ಸದ್ದಾಯಿತು. ಬಿಳಿ ಮೀಸೆಯ ಸಾಹೇಬ ಇಳಿದು, ಟೋಪಿ ತೆಗೆದು, "ಸಾರಿ, ಪ್ರೊಫೆಸರ್," ಎಂದ. ಭಾವನವರು ಅವನ ಬೆನ್ನು ತಟ್ಟಿ ತಾವೇ ಸಮಾಧಾನ ಹೇಳಿದರು. ಒಡೆತನದ ಕಾಗದಕ್ಕೆ ಸಹಿ ಹಾಕಿದರು. ಕೊಕ್ಕೆ ಸಿಕ್ಕಿಸುವಾಗ, ಮುಂದಿನ ಬಂಪರ್ ನಾಜೂಕಿನದು, ಮೆಲ್ಲಗೆ ಎಂದರು. ಅಕ್ಕ ಚಕ್ಕುಲಿಯ ಡಬ್ಬಿ ಕೊಟ್ಟಳು. ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೂ ಭಾವನವರು ಡ್ರೈವ್‌ವೇಯಲ್ಲೇ ನಿಂತಿದ್ದರು. ಆಮೇಲೆ ಎಣ್ಣೆಯ ಕಲೆಯ ಪಕ್ಕದಲ್ಲಿ, ಮೆಟ್ಟಿಲ ಮೇಲೆ, ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅಕ್ಕ ಕಾಫಿ ಕೊಟ್ಟಳು. ಕುಡಿಯಲಿಲ್ಲ. ಸೊಸೆ ಬಂದು ಪಕ್ಕದಲ್ಲಿ ಕೂತು ಹೆಗಲಿಗೆ ತಲೆಯಿಟ್ಟಳು. "ಆರಾಮ ಇದ್ದೀನಿ ಪುಟ್ಟಿ" ಎಂದರು. ಹುಬ್ಬಳ್ಳಿಯ ಆ ಏರುದನಿ ಎಲ್ಲೋ ಹೋಗಿತ್ತು.

ನನಗೆ ಸೋಮವಾರ ಪಸಡೀನಾದಲ್ಲಿ ಕೆಲಸ. ಮಧ್ಯಾಹ್ನವೇ ಹೊರಡುವುದೆಂದು ಬ್ಯಾಗೂ ಕಟ್ಟಿತ್ತು. ಹೋಗಿ ನನ್ನ ಕಾರಿನಲ್ಲಿ ಕೂತೆ. ಇಳಿದು ಬಂದೆ.

"ಭಾವ," ಎಂದೆ, "ಗಾಡಿಗೆ ಆರಾಮಿಲ್ಲ."

ತಲೆಯೆತ್ತಿದರು. "ಯಾವುದಕ್ಕ? ಆ ಇಸ್ತ್ರಿ ಪೆಟ್ಟಿಗೆಗೇನು?"

"ಹೂಂ. ಸ್ಟಾರ್ಟ್ ಆಗ್ತಿಲ್ಲ."

"ಏನು ಹೇಳ್ತಿದೀಯೋ?" ಎಂದಳು ಅಕ್ಕ. "ಬೆಳಿಗ್ಗೆ ಚೆನ್ನಾಗೇ ಬಂತಲ್ಲ! ಎಲ್ಲಿ, ಇನ್ನೊಂದ್ಸಲ ಸ್ಟಾರ್ಟ್ ಮಾಡು."

"ಮುಟ್ಟಬ್ಯಾಡ!" ಎಂದರು ಭಾವನವರು. ಎದ್ದರು. ನನ್ನ ಕೈಯಿಂದ ಕೀ ತೆಗೆದುಕೊಂಡು ಜೇಬಿಗೆ ಹಾಕಿದರು. ಬಾನೆಟ್ಟು ಎತ್ತಿಸಿದರು. ಓಡದೆ ತಣ್ಣಗೆ ಕೂತಿದ್ದ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಸದ್ದಿಲ್ಲ, ಕಂಪನವಿಲ್ಲ. ಬಹಳ ಹೊತ್ತು ಕೇಳಿದರು. ಕಣ್ಣು ತೆರೆದಾಗ ಅವರ ನೋಟ ನನ್ನ ಕಂಕುಳಲ್ಲಿದ್ದ ನೀಲಿ ನೋಟ್‌ಬುಕ್ಕಿನ ಮೇಲೆ ಬಿತ್ತು. ಅಲ್ಲಿಂದ ನನ್ನ ಮುಖಕ್ಕೆ ಬಂತು.

"ಭಾಳ ಸೀರಿಯಸ್ ಅದ," ಎಂದರು ಅಕ್ಕನ ಕಡೆ ತಿರುಗಿ. "ಮೂರು ದಿನಾ ಬೇಕು. ಚಾಟ್ಸ್‌ವರ್ತ್‌ನಿಂದ ಪಾರ್ಟ್ ಬರಬೇಕು."

ಆಮೇಲೆ ನೋಟ್‌ಬುಕ್ಕಿಗಾಗಿ ಕೈ ಚಾಚಿದರು, ಅಕ್ಕನಿಗೆ ಕಾಫಿ ಬಿಸಿ ಮಾಡಲು ಹೇಳಿದರು.