ಎಡಗಡೆಯ ಜಾಯ್‌ಸ್ಟಿಕ್

"ಕೇಳು. ಜಾಯ್‌ಸ್ಟಿಕ್ ಅಂದ್ರೆ ಬಸ್ಸಿನ ಗೇರಲ್ಲ, ಮುಷ್ಟೀಲಿ ಹಿಡಿದು ಜಗ್ಗೋಕೆ. ಅಂಗೈ ಮೇಲೆ ಮಾಡು. ಕೋಲನ್ನ ನಡುಬೆರಳಿಗೂ ಉಂಗುರದ ಬೆರಳಿಗೂ ಮಧ್ಯೆ ಬಿಡು. ಮೇಲಿನ ಗುಂಡನ್ನ ಗಿರಾಕಿ ಕಿವಿ ಹಿಡಿದ ಹಾಗೆ ಹಿಡೀಬೇಕು. ಬಿಟ್ರೆ ಕತ್ರಿಗೆ ಸಿಗುತ್ತೆ, ಹಿಂಡಿದ್ರೆ ನಾಳೆಯಿಂದ ಬರಲ್ಲ. ಹೆಬ್ಬೆರಳಿಗೆ ಕೆಲಸಾನೇ ಇಲ್ಲ, ಮನೆ ಅಳಿಯನ ಥರ ಪಕ್ಕದಲ್ಲಿ ಇರ್ಲಿ. ಮೂವತ್ತು ವರ್ಷದಿಂದ ಕತ್ರಿ ಹಿಡಿದೋನು ನಾನು, ಬೆರಳಿನ ವಿಷಯ ನಂಗೆ ಹೇಳ್ಬೇಡ."

ಹೀಗೆಂದವನು ಕ್ಷೌರಿಕ. ಎದುರಿನ ತನ್ನ ಅಂಗಡಿಯಿಂದ ಕೆಲಸದ ನಿಲುವಂಗಿಯಲ್ಲೇ ಬಂದು, ಎಡಗಡೆಯ ಸ್ಟೂಲಿನ ಬಸ್ ಡ್ರೈವರನ ಮೇಲೆ ಅಡ್ಡ ಬಾಗಿ ತೋರಿಸಿಕೊಡುತ್ತಿದ್ದ. ಈ ವಿಡಿಯೋ ಆಟದಂಗಡಿಯ ಕುಸ್ತಿ ಯಂತ್ರದ ಮುಂದೆ ಇಬ್ಬರೂ ದಿನಾ ಸಂಜೆ ಕೂರಲು ಶುರುಮಾಡಿ ಎರಡು ವರ್ಷ. ಎರಡು ವರ್ಷವೂ ಸೋಲು ಡ್ರೈವರನದೇ. ನಾಳೆಯಿಂದ ಅವನಿಗೆ ಬೇರೆ ಊರಿನ ಡಿಪೋ. ಹೋಗುವ ಮೊದಲು ಒಂದೇ ಒಂದು ಸಲ ಗೆಲ್ಲಬೇಕು, ಪಾಪ, ಅಷ್ಟೇ ಅವನ ಆಸೆ.

ಡ್ರೈವರ್: ದಿನಾ ಐವತ್ತು ಜನರನ್ನ ಇದೇ ಮುಷ್ಟೀಲಿ ಊರು ಮುಟ್ಟಿಸ್ತೀನಿ.

ಕ್ಷೌರಿಕ: ಇಳಿದ್ಮೇಲೆ ಅವ್ರು ನನ್ ಅಂಗಡೀಲಿ ಏನ್ ಹೇಳ್ತಾರೆ ಅಂತ ಕೇಳ್ಬೇಡ.

ಡ್ರೈವರ್: ಕತ್ತಿಗೆ ಕತ್ರಿ ಇಟ್ರೆ ಯಾರಾದ್ರೂ ನಿಂಗೆ ಹೂಂ ಅಂತಾರೆ. ಅದಿರ್ಲಿ, ನನ್ ಪೈಲ್ವಾನ ಕೂರೋದೇ ಇಲ್ವಲ್ಲ. ಕೋಲು ಎಷ್ಟು ಕೆಳಕ್ಕೆಳೆದ್ರೂ ನಿಂತೇ ಇರ್ತಾನೆ. ನಿನ್ನ ಒದೆಯೆಲ್ಲ ಸೀದಾ ಮುಖಕ್ಕೆ.

ಕ್ಷೌರಿಕ: ಹಿಡಿಯೋನು ಸರಿ ಇದ್ರೆ ಕೂರ್ತಾನೆ. ಸರಿ, ಇನ್ನೊಂದ್ಸಲ ತೋರಿಸ್ತೀನಿ.

ಡ್ರೈವರ್: ನಿನ್ನೆ ಕೂಡ ತೋರಿಸಿದ್ದೆ.

ಕ್ಷೌರಿಕ: ಎರಡು ವರ್ಷದಲ್ಲಿ ಒಂದಿನ ತಪ್ಪಿಸಿದೀನಾ?

ಮತ್ತೆ ಬಾಗಿ, ತೋಳು ಚಾಚಿ, ಎರಡು ಬೆರಳಲ್ಲಿ ನಾಜೂಕಾಗಿ ಕೆಳಕ್ಕೆಳೆದ. ಪೈಲ್ವಾನ ನಿಂತೇ ಇದ್ದ.

ಡ್ರೈವರ್: ಕಿವಿ ಕೈಗೆ ಬಂತಾ?

ಕ್ಷೌರಿಕ: ನಿನ್ ಸಹವಾಸದಲ್ಲಿ ಕೋಲೂ ಕೆಟ್ಟಿದೆ.

ಇಷ್ಟು ಹೊತ್ತು ಕೇಳುತ್ತಿದ್ದ ಅಂಗಡಿಯ ಒಡತಿ ಸ್ಕ್ರೂಡ್ರೈವರ್ ತಂದು ಇಬ್ಬರನ್ನೂ ಎಬ್ಬಿಸಿದಳು. ಕೋಲಿನ ಸುತ್ತಲಿನ ತಗಡು ಬಿಚ್ಚಿ ಒಳಗೆ ನೋಡಿದಳು.

ಒಡತಿ: ಒಳ್ಗೆ ಬೆಕ್ಕು ಮಲಗಿದ ಹಾಗಿದೆ.

ಡ್ರೈವರ್: ಕೂದಲು.

ಕ್ಷೌರಿಕ: ಯಾರದ್ದೋ.

ಒಡತಿ: ಯಾರ್ಯಾರದ್ದೋ. ಕಪ್ಪಿದೆ, ಬಿಳಿ ಇದೆ, ಬಣ್ಣ ಹಚ್ಚಿದ್ದೂ ಇದೆ. ಕೋಲು ಕೆಳಗೆ ಬರೋ ಜಾಗದಲ್ಲೇ ಗಟ್ಟಿಯಾಗಿ ಕೂತಿದೆ. ದಿನಾ ಇದರ ಮೇಲೆ ಬಾಗಿ ತೋಳಾಡಿಸೋರು ಯಾರು?

ಮೂವರೂ ನಿಲುವಂಗಿಯ ತೋಳನ್ನು ನೋಡಿದರು.

ಡ್ರೈವರ್: ಅಂದ್ರೆ ನೀನು ಹೇಳ್ಕೊಟ್ಟಷ್ಟೂ ನಾನು ಸೋತಿದೀನಿ.

ಕ್ಷೌರಿಕ: ಪಾಠ ಸರಿಯಾಗೇ ಇತ್ತು. ಜೊತೆಗೆ ಸ್ವಲ್ಪ ಉದುರ್ತು, ಅಷ್ಟೆ.

ಒಡತಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದು, ತಗಡು ಮುಚ್ಚಿದಳು. ಡ್ರೈವರ್ ಅದೇ ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆಳೆದ. ಪೈಲ್ವಾನ ಕೂತ. ಕ್ಷೌರಿಕನ ಒದೆ ತಲೆಯ ಮೇಲೆ ಗಾಳಿಯಲ್ಲಿ ಹೋಯಿತು. ಎರಡು ಸುತ್ತು, ಎರಡೂ ಡ್ರೈವರನದೇ. ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಅಂಗಿಯ ಕಾಲರ್ ಸರಿ ಮಾಡಿಕೊಂಡ.

ಕ್ಷೌರಿಕ: ನೋಡಿದ್ಯಾ. ಕೊನೇಗೂ ನಾನ್ ಹೇಳಿದ್ದು ತಲೆಗೆ ಹೋಯ್ತು.

ಡ್ರೈವರ್: ಮುಷ್ಟೀಲೇ ಹಿಡಿದಿದ್ದೆ.

ಕ್ಷೌರಿಕ: ಮೇಲ್ನೋಟಕ್ಕೆ ಮುಷ್ಟಿ. ಒಳಗೆ ನನ್ ಹಿಡಿತ.

ಡ್ರೈವರ್: ನಾಳೆಯಿಂದ ಯಾರಿಗೆ ಪಾಠ ಹೇಳ್ತೀಯ?

ಕ್ಷೌರಿಕ ನಿಲುವಂಗಿಯ ತೋಳು ಕೊಡವಿಕೊಂಡ.

ಕ್ಷೌರಿಕ: ಆ ಊರಲ್ಲೂ ಆಟದಂಗಡಿ ಇರುತ್ತೆ. ಕ್ಷೌರದೋನು ಯಾರಾದ್ರೂ ಬಂದ್ರೆ ಪಕ್ಕ ಕೂರಿಸ್ಕೋಬೇಡ.

ಒಡತಿ ಬಕೆಟ್ ತಂದಿಟ್ಟಳು. ಕಾಲೆತ್ತಿ ಎಂದಳು. ಇಬ್ಬರೂ ಎತ್ತಿದರು. ಅವಳು ನೆಲ ಒರೆಸತೊಡಗಿದಳು.