ಬಿಸಿಲಿಗೂ ಚಹಾ

ಜಂಬ ಒಳ್ಳೆಯದಲ್ಲವೆಂದು ಬಲ್ಲೆ. ಆದರೂ ಆರು ತಿಂಗಳು ಅತ್ತು ಈಗ ಒಂದು ವಾರದಿಂದ ನಗುತ್ತಿರುವವಳು ಇಷ್ಟಾದರೂ ಬೀಗದಿದ್ದರೆ ಹೇಗೆ? ನನ್ನ ಸಂಶೋಧನೆ ಬಣ್ಣದ ಸೌರಕೋಶದ ಮೇಲೆ. ಗಾಜಿನ ಮೇಲೆ ಬಿಳಿ ಪುಡಿಯ ತೆಳು ಪದರ, ಅದಕ್ಕೆ ಹೀರಿಸಿದ ಬಣ್ಣ. ಬಣ್ಣ ಬೆಳಕನ್ನು ಹಿಡಿದರೆ ಕರೆಂಟು. ಹಿಡಿಯಬೇಕಲ್ಲ! ಬಂದ ಬೆಳಕಿನ ಎಷ್ಟೋ ಪಾಲು ಪದರ ದಾಟಿ ಹಿಂದಿನಿಂದ ಸುಮ್ಮನೆ ಹೊರಟುಹೋಗುತ್ತಿತ್ತು. "ಈ ತಿಂಗಳದಾಗ ಆಗಲಿಲ್ಲಂದ್ರ ವಿಷಯಾ ಬದಲಸ್ರಿ" ಎಂದು ಗೈಡ್ ಸರ್ ಹೇಳಿಬಿಟ್ಟಿದ್ದರು. ಕಾಲೇಜಿನಲ್ಲಿ ಪಾಠ ಮುಗಿಸಿ ಧಾರವಾಡದ ಲ್ಯಾಬಿಗೆ ಓಡುವ ನನಗೆ, ಈ ವಯಸ್ಸಿನಲ್ಲಿ, ವಿಷಯ ಬದಲಿಸುವುದೆಂದರೆ ಪಿಎಚ್.ಡಿ.ಗೆ ಕೈಮುಗಿದಂತೆಯೇ.

ತಪ್ಪಿಸಿಕೊಳ್ಳುವ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳಿಸಲು ಅದೇ ಪುಡಿಯ ದಪ್ಪ ಕಾಳಿನ ಇನ್ನೊಂದು ಪದರ ಹಾಕುತ್ತಾರೆ. ನಾನೂ ಹಾಕಿದೆ. ಕರೆಂಟು ಏರುವ ಬದಲು ಇಳಿಯಿತು. ನವನಗರದ ಮನೆಗೆ ಬಂದು ಅತ್ತೆಯ ಮುಂದೆ ಗೋಳು ತೋಡಿಕೊಂಡೆ. ನಮ್ಮ ಅತ್ತೆ ಅಮ್ಮಿನಬಾವಿಯವರು. ಬಂದವರನ್ನು ಚಹಾ ಕುಡಿಸದೆ ಬಿಟ್ಟ ದಾಖಲೆಯಿಲ್ಲ. ಬಾಗಿಲ ಒಳಗಡೆಯೇ ಅವರ ಕುರ್ಚಿ. ಮೀಟರ್ ನೋಡಲು ಬಂದವನು ಹೊರಟರೂ "ಎಲ್ಲಿಗ್ರಿ? ಕುಂದರ್ರಿ, ಚಹಾ ಆಗಾಕತ್ತೈತಿ" ಎಂದು ತಿರುಗಿಸುತ್ತಾರೆ.

"ಆ ದಪ್ಪ ಪದರ ಎಲ್ಲಿ ಕುಂದ್ರಸೀದಿ?" ಎಂದರು.

"ಗಾಜಿನ ಮ್ಯಾಲ, ಮೊದಲಿಗೇ."

"ಬೆಳಕು ಯಾ ಕಡಿಯಿಂದ ಬರತೈತಿ?"

"ಗಾಜಿನ ಕಡಿಯಿಂದನ ರೀ."

"ಅಲ್ಲವಾ, ನಾ ಗೇಟಿನ್ಯಾಗ ಕುಂತು ಬರೋರನ್ನ ತಿರುಗಿಸಿದ್ರ ಒಳಗ ಯಾರ ಬರತಾರ? ಮೊದಲ ಬರಾಕ ಬಿಡು. ಹೋಗೂ ಮುಂದ ಹಿಡಿ. ಬಿಸಿಲಿಗೂ ಚಹಾ ಕುಡಿಸೇ ಕಳಸು!"

"ಕ್ರಮ ನೋಡಿಕೊಂಡು ಮಾಡಿ" ಎಂದು ಹುಡುಗರಿಗೆ ವರ್ಷಗಟ್ಟಲೆ ಗದರಿದ ಬಾಯಿ ನನ್ನದು. ಮರುದಿನವೇ ಸಣ್ಣ ಕಾಳು ಮುಂದೆ, ದಪ್ಪ ಕಾಳು ಹಿಂದೆ ಹಾಕಿದೆ. ಕೋಶಗಳನ್ನು ಸಾಲಾಗಿ ಜೋಡಿಸಿ ಕಿಟಕಿಯ ಬಿಸಿಲಿಗಿಟ್ಟರೆ, ಆಟಿಕೆ ಫ್ಯಾನು ತಿರುಗಿತು! ನನ್ನ ಕಣ್ಣು ತುಂಬಿತು. "ಛಲೋ ಆತ್ರೀ" ಎಂದರು ಸರ್. ಅವರ ಬಾಯಲ್ಲಿ ಅದು ಸನ್ಮಾನದ ಶಾಲು. "ತಪ್ಪು ಹೆಂಗ ಹೊಳೀತು?" ಎಂದೂ ಕೇಳಿದರು. "ಆಳವಾಗಿ ಓದಿದೆ ಸರ್" ಎಂದುಬಿಟ್ಟೆ.

ಮನೆಯಲ್ಲಿ ಸುದ್ದಿ ಹೇಳಿ ಮೆಲ್ಲಗೆ ಕೋಣೆಗೆ ಜಾರುತ್ತಿದ್ದೆ. ಅತ್ತೆ ಬಿಡುತ್ತಾರೆಯೇ? "ಎಲ್ಲಿ ಹೊಂಟಿ? ಕುಂದ್ರು, ಚಹಾ ಐತಿ. ಸರ್ ಮುಂದ ನನ್ನ ಮಾತು ಹೇಳಿದಿ ಹೌದಿಲ್ಲೋ?" ತಿರುಗಿ ಬಂದು ಕೂತೆ. ಚಹಾದ ಕಪ್ಪು ಕೆಳಗಿಟ್ಟೆ. ಅಲ್ಲಿಂದಲೇ ಸರ್‌ಗೆ ಫೋನು ಹಚ್ಚಿ ನಿಜ ಒಪ್ಪಿಕೊಂಡೆ.

ಈಗ ಅತ್ತೆ ಬಂದವರಿಗೆಲ್ಲ ಚಹಾದ ಜೊತೆ ಸೌರಕೋಶದ ಪಾಠ ಮಾಡುತ್ತಾರೆ. ಅದರಲ್ಲಿ ನಾನು ಬರುವುದು ಒಂದೇ ಕಡೆ: "ನಮ್ಮ ಸೊಸಿ ಮೊದಲ ಆ ದಪ್ಪ ಪದರ ಗೇಟಿನ್ಯಾಗ ಕುಂದ್ರಸಿದ್ಲು ನೋಡ್ರಿ!" ಎನ್ನುವಲ್ಲಿ.